ನಲವತ್ತು ಹೆಂಚಿನ ಕಾಫಿ

ನಮ್ಮ ಊರಿನಲ್ಲಿ ಸೂರು ಕಂಡರೆ ಫಿಲ್ಟರ್ ಇಳಿಯುವುದಿಲ್ಲ. ಹೆಂಚಿನದಾಗಲಿ, ತಾರಸಿಯದಾಗಲಿ, ಹುಲ್ಲಿನದಾಗಲಿ, ಫಿಲ್ಟರ್ ಇಟ್ಟ ಜಾಗದಿಂದ ಒಂದು ಸೂರಿನ ಅಂಚು ಕಂಡರೂ ಸಾಕು, ಮೇಲೆ ಹೊಯ್ದ ಬಿಸಿನೀರು ಮೇಲೆಯೇ ನಿಲ್ಲುತ್ತದೆ. ಕೆಳಗಿನ ಪಾತ್ರೆಗೆ ಒಂದು ತೊಟ್ಟು ಡಿಕಾಕ್ಷನ್ ಬೀಳುವುದಿಲ್ಲ. ಬೆಟ್ಟದಲ್ಲಿ ಮಾಡಿ ಫ್ಲಾಸ್ಕಿಗೆ ತುಂಬಿ ತಂದರೆ, ಊರಿನ ಮೊದಲ ಮನೆ ಕಣ್ಣಿಗೆ ಬಿದ್ದ ಕೂಡಲೇ ಅದು ಪಾತ್ರೆ ತೊಳೆದ ನೀರಿನ ರುಚಿಗೆ ಬರುತ್ತದೆ. ದಿಢೀರ್ ಪುಡಿ ಹಾಲಿನ ಮೇಲೆ ಮರದ ಹೊಟ್ಟಿನ ಹಾಗೆ ತೇಲುತ್ತದೆ, ಎಷ್ಟು ಕಲಕಿದರೂ ಕರಗುವುದಿಲ್ಲ. ಚಹಾಕ್ಕೆ ಈ ಮಾನ ಮರ್ಯಾದೆಯೆಲ್ಲ ಇಲ್ಲ. ಅದು ಎಲ್ಲಿ ಬೇಕಾದರೂ ಕುದಿಯುತ್ತದೆ.

ಹೀಗಾಗಿ ನಮ್ಮಲ್ಲಿ ಜನ ಎರಡು ಥರ: ಮನೆಯಲ್ಲಿ ಕೂತು ಚಹಾ ಕುಡಿಯುವವರು, ಬೆಟ್ಟಕ್ಕೆ ಹೋಗಿ ಕಾಫಿ ಕುಡಿಯುವವರು. ಎರಡನೆಯವರೇ ಹೆಚ್ಚು. ಬೆಳಕು ಹರಿಯುವ ಹೊತ್ತಿಗೆ ಊರಿಗೆ ಊರೇ ಬೂಟು ಬಿಗಿದುಕೊಂಡು, ಬೆನ್ನಿಗೆ ಚೀಲ ಏರಿಸಿಕೊಂಡು ನಾಲ್ಕೂ ದಿಕ್ಕಿಗೆ ಹೊರಡುವುದನ್ನು ನೋಡಿ ಪರವೂರಿನವರು "ಎಂಥ ಪ್ರಕೃತಿಪ್ರೇಮ ನಿಮ್ಮದು!" ಎನ್ನುತ್ತಾರೆ. ನಾವು ಹೌದು ಎಂದು ಸುಮ್ಮನಾಗುತ್ತೇವೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ ಎಂದು ಕೇಳುವುದಿಲ್ಲ, ಎಷ್ಟು ಮೈಲಿ ನಡೆಯುತ್ತಾಳೆ ಎಂದು ಕೇಳುತ್ತಾರೆ. ಮೂರನೆಯ ಗುಡ್ಡದಲ್ಲಿ ಕಾಫಿ ಕುಡಿಯುವವರು ಎರಡನೆಯ ಗುಡ್ಡದವರನ್ನು ಸ್ವಲ್ಪ ಗಲ್ಲ ಎತ್ತಿಕೊಂಡೇ ಮಾತಾಡಿಸುತ್ತಾರೆ. ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆ ಹತ್ತಿ, ಅದರ ಸೀಳಿನಲ್ಲಿ ಒಂಟಿಕಾಲಿನಲ್ಲಿ ನಿಂತು ಲೋಟ ಹಿಡಿಯುವ ಪಡ್ಡೆಗಳೂ ಇದ್ದಾರೆ. ಅಲ್ಲಿ ಡಿಕಾಕ್ಷನ್ ಗಟ್ಟಿ ಇಳಿಯುತ್ತದೆ ಎಂದು ಅವರ ವಾದ. ನಾನು ನಂಬುವುದಿಲ್ಲ, ಹೆದರಿ ನಾಲಿಗೆ ಒಣಗಿದವರಿಗೆ ಎಲ್ಲವೂ ಗಟ್ಟಿಯೇ.

ಮೋಸ ಮಾಡಲು ನೋಡದವರಿಲ್ಲ. ಸೂರಿಗೆ ಅಡ್ಡವಾಗಿ ಸೀರೆ ಕಟ್ಟಿದ್ದಾರೆ, ತಟ್ಟಿ ನಿಲ್ಲಿಸಿದ್ದಾರೆ, ಫಿಲ್ಟರಿಗೇ ಮುಸುಕು ಹಾಕಿದ್ದಾರೆ, ಕತ್ತಲಲ್ಲಿ ಹೋಗಿ ಕೂತಿದ್ದಾರೆ. ಯಾವುದೂ ನಡೆಯಲಿಲ್ಲ. ತಾನಾಗಿ ಬೆಳೆದ ಮರ, ತಾನಾಗಿ ಉರುಳಿ ನಿಂತ ಬಂಡೆ, ತಾನಾಗಿ ಇಳಿದ ಮಂಜು, ಇವಿಷ್ಟನ್ನೇ ಫಿಲ್ಟರ್ ಒಪ್ಪುತ್ತದೆ. ಪುಷ್ಯ ಮಾಸದಲ್ಲಿ ನಾಲ್ಕೈದು ದಿನ ಕೈ ಚಾಚಿದರೆ ಕೈ ಕಾಣದಂಥ ಮಂಜು ಬೀಳುತ್ತದೆ. ಆ ದಿನ ಯಾರೂ ಬೆಟ್ಟಕ್ಕೆ ಹೋಗುವುದಿಲ್ಲ. ಎಲ್ಲರೂ ಸ್ಟೌ, ಫಿಲ್ಟರ್ ತಂದು ಶಾಲೆಯ ಮೈದಾನದಲ್ಲಿ ಕೂರುತ್ತಾರೆ. ಪಕ್ಕದಲ್ಲಿರುವವರು ಯಾರೆಂದು ಕಾಣದೆ, ಕೆಮ್ಮಿ ಗುರುತು ಹೇಳಿಕೊಳ್ಳುತ್ತಾ ಕುಡಿಯುತ್ತಾರೆ.

ನನ್ನ ಹೆಸರು ಲೋಲಾಕ್ಷಿ. ರವಿಕೆ ಹೊಲಿಯುತ್ತೇನೆ. ನಮ್ಮ ಮನೆಯವರು ತೀರಿಕೊಂಡು ಹನ್ನೊಂದು ವರ್ಷವಾಯಿತು, ಒಳ್ಳೆಯವರು, ಚಹಾದವರು. ನಮ್ಮ ಗುಂಪಿನಲ್ಲಿ ಈಗ ಮೂವರಿದ್ದೇವೆ: ನಾನು, ಗಾರೆ ಕೆಲಸದ ಹೊನ್ನಪ್ಪ, ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದ ಬಷೀರ್ ಸಾಹೇಬರು. ಬೆಳಿಗ್ಗೆ ಐದೂವರೆಗೆ ಸಾಹೇಬರು ಬೀದಿಯ ತುದಿಯಲ್ಲಿ ನಿಂತು ಸೀಟಿ ಊದುತ್ತಾರೆ. ಅವರು ಹಾಲು, ಹೊನ್ನಪ್ಪ ಸ್ಟೌ, ನಾನು ಫಿಲ್ಟರ್ ಮತ್ತು ಪುಡಿ ಹೊತ್ತು ಎರಡು ಮೈಲಿ ನಡೆದು ಕೋಣನಬೆನ್ನು ಎನ್ನುವ ಗುಡ್ಡ ಹತ್ತಿ, ಅದರ ಆಚೆ ಮಗ್ಗುಲಿಗೆ ಇಳಿದು ಕೂರುತ್ತೇವೆ. ಅಲ್ಲಿಂದ ಕಲ್ಲು, ಕುರುಚಲು ಗಿಡ, ಆಕಾಶ ಬಿಟ್ಟರೆ ಇನ್ನೇನೂ ಕಾಣುವುದಿಲ್ಲ.

ಮೊದಲು ನಾವು ನಾಲ್ವರಿದ್ದೆವು. ನಾಲ್ಕನೆಯವಳು ತಿಮ್ಮಾಜಕ್ಕ. ನಮ್ಮ ಬೀದಿಯಲ್ಲೇ ಎದುರು ಸಾಲಿನ ಮನೆ. ಮೂವತ್ತೆಂಟು ವರ್ಷ ಸೂಲಗಿತ್ತಿ ಕೆಲಸ ಮಾಡಿ ಅರ್ಧ ಊರನ್ನು ಹೊರಗೆ ಎಳೆದವಳು. ಅವಳು ಬೆರೆಸಿದ ಕಾಫಿಗೆ ಎರಡನೆಯ ಮಾತಿರಲಿಲ್ಲ. ಅವಳಿಗೆ ಎಪ್ಪತ್ತೊಂದು ತುಂಬಿದ ವರ್ಷ ಎರಡೂ ಮಂಡಿ ಕೈಕೊಟ್ಟವು. ಸಾಹೇಬರು ಒಂದು ಕುರ್ಚಿಗೆ ಎರಡು ಬಿದಿರು ಕಟ್ಟಿ, ಇನ್ನೊಬ್ಬನನ್ನು ಸೇರಿಸಿಕೊಂಡು ಹೊತ್ತೊಯ್ಯುವ ಏರ್ಪಾಟು ಮಾಡಿಕೊಂಡು ಬಂದರು. ಅಕ್ಕ ಕುರ್ಚಿಯನ್ನು ಒಮ್ಮೆ ಸುತ್ತು ಹಾಕಿ ನೋಡಿದಳು.

"ನಾಲ್ಕು ಜನ ನನ್ನ ಹೊರೋದು ಒಂದೇ ಸಲ ಸಾಹೇಬ್ರೇ. ಅವತ್ತು ನಾನು ಬೇಡ ಅನ್ನಲ್ಲ. ಇವತ್ತು ಕುರ್ಚಿ ತಗೊಂಡು ಹೋಗಿ" ಎಂದಳು.

ಆಮೇಲೆ ಕೋಲೂರಿಕೊಂಡು ತಾನೇ ಜಾಗ ಹುಡುಕಿಕೊಂಡಳು. ಅವಳ ಹಿತ್ತಿಲು ದಾಟಿ ಅರವತ್ತು ಹೆಜ್ಜೆ ಹೋದರೆ ತೊಟ್ಟಿಲುಬಂಡೆ ಎಂಬ ತಗ್ಗು ಇದೆ. ಸುತ್ತ ಆಳೆತ್ತರದ ಬಂಡೆಗಳು, ನಡುವೆ ಇಬ್ಬರು ಕೂರುವಷ್ಟು ಜಾಗ. ಕೂತರೆ ಊರು ಪೂರ್ತಿ ಮಾಯ. ಎರಡು ಬಂಡೆಗಳ ನಡುವೆ ಒಂದು ಕಿರಿದಾದ ಸಂದಿದೆ, ಅದರಲ್ಲಿ ಬರೀ ಆಕಾಶದ ಒಂದು ಪಟ್ಟಿ. ಅಕ್ಕ ತನ್ನ ಹಿತ್ತಾಳೆ ಫಿಲ್ಟರನ್ನು ಆ ಸಂದಿಗೆ ಎದುರಾಗಿ ಇಡುತ್ತಿದ್ದಳು. ಅದು ಇಬ್ಬರ ಫಿಲ್ಟರ್. ಸರಿಯಾಗಿ ಎರಡು ಲೋಟಕ್ಕೆ ಇಳಿಯುತ್ತದೆ, ಮೂರನೆಯವರು ಬಂದರೆ ನೋಡುತ್ತಾ ನಿಲ್ಲಬೇಕು. ಎರಡು ಲೋಟವನ್ನೂ ಅವಳೇ ಕುಡಿಯುತ್ತಿದ್ದಳು. ನಾನೂ ಬೆಟ್ಟ ಬಿಟ್ಟು ಅವಳ ಜೊತೆ ಬರುತ್ತೇನೆ ಎಂದಾಗ ಬೈದಳು.

"ಕಾಲಿರೋವಾಗ ನಡಿಯೇ ಲೋಲೂ. ಸಾಯಂಕಾಲ ಬಂದು ಬೆಟ್ಟದ ಸುದ್ದಿ ಹೇಳು, ಸಾಕು."

ಹಾಗೆ ಸಾಯಂಕಾಲದ ಮಾತು ಶುರುವಾಯಿತು. ನಾನು ಬೆಟ್ಟದ ಸುದ್ದಿ ಹೇಳುತ್ತಿದ್ದೆ: ಮುಂಗುಸಿ ಕಂಡಿತು, ಸಾಹೇಬರು ಜಾರಿ ಬಿದ್ದರು, ಬಿದ್ದರೂ ಸೀಟಿ ಬಾಯಲ್ಲೇ ಇತ್ತು. ಕೊನೆಗೆ ನಾನು "ನಿಂದು ಹೇಗಿತ್ತಕ್ಕ?" ಎನ್ನುತ್ತಿದ್ದೆ. ಅವಳು "ಚೆನ್ನಾಗಿ ಇಳೀತು" ಎನ್ನುತ್ತಿದ್ದಳು.

ಇನ್ನು ನಮ್ಮ ಊರಿನ ಕೋಲಿನ ಶಾಸ್ತ್ರ ಹೇಳಬೇಕು. ಇಲ್ಲಿ ಯಾರೇ ಹೊಸ ಸೂರು ಹಾಕಲಿ, ಅದರ ಎತ್ತರಕ್ಕೆ ಒಂದು ಬಿದಿರು ನಿಲ್ಲಿಸಿ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಆ ಸುತ್ತಿನಲ್ಲಿ ಯಾರು ಎಲ್ಲಿ ಕಾಫಿ ಕುಡಿಯುತ್ತಾರೋ ಅವರು ತಮ್ಮ ಜಾಗದಲ್ಲಿ ಕೂತು ನೋಡಬೇಕು. ಮೇಸ್ತ್ರಿ ಮೂರು ಸಲ "ಕಾಣುತ್ತಾ?" ಎಂದು ಕೂಗುತ್ತಾನೆ. ಒಬ್ಬರು ಕಾಣುತ್ತೆ ಎಂದರೂ ಬಿದಿರು ಇಳಿಯಿತು, ಸೂರಿನ ಆಸೆಯೂ ಇಳಿಯಿತು. ಕಟ್ಟಿಸುವವರು ತಾವೇ ಹೋಗಿ ಆ ಜಾಗದಲ್ಲಿ ಕೂತು ನೋಡುವ ಹಾಗಿಲ್ಲ. ಕುಡಿಯುವವರ ಮಾತೇ ಕೊನೆ. ನಮ್ಮೂರಿನಲ್ಲಿ ಮಹಡಿ ಮನೆ ಕಡಿಮೆ ಇರುವುದು ಇದಕ್ಕೇ, ಬಡತನಕ್ಕಲ್ಲ.

ಹೋದ ಯುಗಾದಿ ಕಳೆದು ಒಂದು ವಾರಕ್ಕೆ ನನ್ನ ಮಗಳು ನಳಿನಿ ಗಂಡನ ಮನೆ ಬಿಟ್ಟು ಬಂದಳು. ಮೂರು ವರ್ಷದ ಸಂಸಾರ, ಒಂದು ಸೂಟ್‌ಕೇಸು. ಏನಾಯಿತು ಎಂದು ಕೇಳಿದೆ. "ಇನ್ನು ಹೋಗಲ್ಲಮ್ಮ" ಎಂದಳು. ಅಷ್ಟೇ. ಅಳಲಿಲ್ಲ, ಬೈಯಲಿಲ್ಲ. ನಮ್ಮದು ಒಂದೇ ಹಜಾರದ ಮನೆ. ಒಂದು ಮೂಲೆಯಲ್ಲಿ ಹೊಲಿಗೆ ಯಂತ್ರ, ಇನ್ನೊಂದು ಮೂಲೆಯಲ್ಲಿ ಅವಳು. ಅಳತೆ ಕೊಡಲು ಬಂದ ಹೆಂಗಸರೆಲ್ಲ ರವಿಕೆಯ ತೋಳಿನ ಉದ್ದ ಹೇಳುತ್ತಾ ಅವಳನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದರು. "ಯಾವಾಗ ಬಂದೆಯಮ್ಮ? ಯಾವಾಗ ಹೋಗ್ತೀಯ? ಯಜಮಾನ್ರು ಬರ್ತಾರಾ?" ಹೊಲಿಗೆಯವಳ ಮನೆಯಲ್ಲಿ ಊರ ಬಾಯಿ ಹೊಲಿಯಲು ಮಾತ್ರ ದಾರವಿಲ್ಲ. ನಳಿನಿ ಎಲ್ಲರಿಗೂ ನೀರು ಕೊಟ್ಟು, ಗೋಡೆಗೆ ಮುಖ ಮಾಡಿ ಗುಂಡಿ ಹಚ್ಚುತ್ತಾ ಕೂರುತ್ತಿದ್ದಳು. ಮದುವೆಗೆ ಮುಂಚೆ ನಮ್ಮ ಜೊತೆ ಕೋಣನಬೆನ್ನು ಓಡಿ ಹತ್ತುತ್ತಿದ್ದ ಹುಡುಗಿ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಕಾಫಿಯನ್ನೂ ಬಿಟ್ಟಳು. ಚಹಾ ಕೊಟ್ಟರೆ ಚಹಾ ಕುಡಿದಳು, ಮುಖ ಸಹ ಕಿವುಚಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಬಂದವರಲ್ಲಿ ಏನೂ ಕೇಳದವಳು ತಿಮ್ಮಾಜಕ್ಕ ಒಬ್ಬಳೇ. ಅವಳು ನಳಿನಿಯನ್ನು ನೋಡಿ, ನನ್ನನ್ನು ನೋಡಿ, "ಇವಳಿಗೆ ಬಾಗಿಲಿರೋ ಒಂದು ಕೋಣೆ ಬೇಕು ಕಣೇ" ಎಂದಳು.

ಜಾಗವಿದ್ದದ್ದು ಮೇಲೆ ಮಾತ್ರ. ವೈಶಾಖದಲ್ಲಿ ಹೊನ್ನಪ್ಪ ಬಂದು ನಮ್ಮ ಮನೆಯ ಮೇಲೆ ಬಿದಿರು ನಿಲ್ಲಿಸಿ ಕೆಂಪು ಬಟ್ಟೆ ಕಟ್ಟಿದ. ಬೆಟ್ಟಕ್ಕೆ ಹೋಗುವವರಿಗೆ ನಮ್ಮ ಮನೆ ಸಂಬಂಧವಿಲ್ಲ. ಸುತ್ತಿನಲ್ಲಿ ಕೂತು ಕುಡಿಯುವವಳು ತೊಟ್ಟಿಲುಬಂಡೆಯ ಅಕ್ಕ ಒಬ್ಬಳೇ. ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು. ನಾನು ಬೀದಿಯಲ್ಲಿ ನಿಂತೆ.

"ಕಾಣುತ್ತಾ ಅಕ್ಕೋ?" ಎಂದು ಹೊನ್ನಪ್ಪ ಕೂಗಿದ.

"ಕಾಣಲ್ಲ" ಎಂದು ಬಂಡೆಯ ಹಿಂದಿನಿಂದ ಬಂತು.

"ಕಾಣುತ್ತಾ?"

"ಕಾಣಲ್ಲ ಅಂದ್ನಲ್ಲ."

ಮೂರನೆಯ ಸಲ ಕೂಗುವ ಮುಂಚೆ ಹೊನ್ನಪ್ಪ ಸ್ವಲ್ಪ ತಡೆದ. ಬಂಡೆಯ ಕಡೆ ನೋಡಿದ, ಬಿದಿರಿನ ತುದಿ ನೋಡಿದ. ನಾನು ಅದಕ್ಕೆ ಅರ್ಥ ಹಚ್ಚಲಿಲ್ಲ; ಕೆಮ್ಮು ಬಂದಿರಬೇಕು ಎಂದುಕೊಂಡೆ.

"ಕಾಣುತ್ತಾ?"

"ಅಯ್ಯೋ, ಕಾಣಲ್ಲ, ಕಟ್ಟೋ ಮಾರಾಯ! ಬಿಸಿಲು ಏರ್ತಾ ಇದೆ" ಎಂದಳು ಅಕ್ಕ.

ಒಂದೂವರೆ ತಿಂಗಳಲ್ಲಿ ಕೋಣೆ ಎದ್ದಿತು. ಒಂದು ಕಿಟಕಿ, ಒಂದು ಬಾಗಿಲು, ಬೀದಿಯ ಕಡೆಗೆ ಇಳಿಜಾರಾದ ಹೆಂಚಿನ ಮಾಡು. ನಳಿನಿ ತನ್ನ ಸೂಟ್‌ಕೇಸು ಎತ್ತಿಕೊಂಡು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಅವಳು ಅತ್ತದ್ದು ಕೆಳಗೆ ನನಗೆ ಕೇಳಿಸಿತು. ಅಷ್ಟು ದಿನದ ಮೇಲೆ ನನಗೆ ಒಳ್ಳೆಯ ನಿದ್ದೆ ಬಂತು ಎಂದರೆ ತಾಯಿಯಾದವಳು ಹೀಗೂ ಹೇಳುತ್ತಾಳಾ ಎನ್ನುತ್ತೀರಿ, ಆದರೆ ಬಂತು. ಆಮೇಲೆ ಅವಳು ಮೇಲೆಯೇ ಕೂತು ನನ್ನ ರವಿಕೆಗಳಿಗೆ ಕೈಹೊಲಿಗೆ ಹಾಕತೊಡಗಿದಳು. ಊಟಕ್ಕೆ ಇಳಿದು ಬರುತ್ತಿದ್ದಳು. ಬೆಳಗಿನ ಹೊತ್ತು ಎಚ್ಚರವಾಗಿ ಎದ್ದು ಕೂರುತ್ತಾಳೆ ಎನ್ನುವುದು ಮೇಲಿನ ಹೆಜ್ಜೆ ಸದ್ದಿನಿಂದ ಗೊತ್ತಾಗುತ್ತಿತ್ತು. ನಾನು ಆ ಕೋಣೆಗೆ ಹತ್ತಲಿಲ್ಲ. ಮುಚ್ಚಲಿ ಎಂದೇ ಮಾಡಿಸಿದ ಬಾಗಿಲನ್ನು ನಾನೇ ಹೋಗಿ ತಟ್ಟಿದರೆ ಹೇಗೆ?

ಸಾಯಂಕಾಲದ ಮಾತು ಎಂದಿನಂತೆ ನಡೆಯಿತು. "ನಿಂದು ಹೇಗಿತ್ತಕ್ಕ?" "ಚೆನ್ನಾಗಿ ಇಳೀತು." ಇಬ್ಬರಿಗೂ ಪುಡಿ ಹುರಿಸಿ ಬೀಸಿಸಿ ತರುವವಳು ನಾನೇ. ಆಷಾಢದಲ್ಲಿ ತಂದುಕೊಟ್ಟರೆ "ಇನ್ನೂ ಇದೆ, ನೀನೇ ಇಟ್ಕೊ" ಎಂದಳು. ನವರಾತ್ರಿಯಲ್ಲೂ ಇನ್ನೂ ಇದೆ ಎಂದಳು. ವಯಸ್ಸಾಯಿತು, ಕಡಿಮೆ ಮಾಡಿರಬೇಕು ಎಂದುಕೊಂಡೆ. ಕಾಫಿಯ ವಿಷಯದಲ್ಲಿ ವಯಸ್ಸಾಗುವುದು ಎಂದರೇನು ಎಂದು ನಾನು ಯೋಚಿಸಬೇಕಿತ್ತು. ನಾನೇ ಐವತ್ತೈದಕ್ಕೆ ಮೂರನೆಯ ಲೋಟ ಶುರುಮಾಡಿದವಳು.

ಪುಷ್ಯ ಬಂತು, ಮೊದಲ ಮಂಜು ಬಿತ್ತು. ಸಾಹೇಬರ ಸೀಟಿ ಕೇಳಲಿಲ್ಲ. ಎಲ್ಲರೂ ಮೈದಾನಕ್ಕೆ ಹೋಗುತ್ತಿದ್ದ ಸದ್ದು ಕೇಳಿಸಿತು. ನನಗೆ ಮಾತ್ರ ಆ ದಿನ ಅಕ್ಕನ ಜೊತೆ ಕುಡಿಯಬೇಕೆನಿಸಿ, ಒಂದು ಚೊಂಬು ಹಾಲು ಹಿಡಿದು, ಗೋಡೆ ಸವರುತ್ತಾ ಬೀದಿ ದಾಟಿ, ಅವಳ ಹಿತ್ತಿಲು ಹಾದು ತೊಟ್ಟಿಲುಬಂಡೆಗೆ ಹೋದೆ. ಹತ್ತಿರ ಹೋಗುತ್ತಲೇ ಘಮ ಬಂತು. ಅಕ್ಕ ಎರಡು ಕೈಯಲ್ಲೂ ಲೋಟ ಹಿಡಿದು ಕೂತಿದ್ದಳು. ಕುಡಿಯುತ್ತಿದ್ದಳು ಎನ್ನುವುದಕ್ಕಿಂತ ಲೋಟದೊಳಗೆ ಮುಖ ಇಟ್ಟುಕೊಂಡಿದ್ದಳು ಎನ್ನಬೇಕು. ಕೆನ್ನೆಯೆಲ್ಲ ಒದ್ದೆ. ಮಂಜಿಗೆ ಎಲ್ಲರ ಕೆನ್ನೆಯೂ ಒದ್ದೆಯಾಗುತ್ತದೆ ಎಂದುಕೊಂಡೆ.

"ಬಂದ್ಯಾ? ಕೂತ್ಕೊ. ಮೊದಲ್ನೇದು ಮುಗೀತು, ಎರಡನೇ ಸಲ ನೀರು ಹೊಯ್ದಿದೀನಿ" ಎಂದಳು. ದನಿ ಒಂದು ಥರವಿತ್ತು.

ನಾನು ಕೂತೆ. ಫಿಲ್ಟರಿನ ಕೆಳಗಿನ ಬಟ್ಟಲು ಬಿಚ್ಚಿ ಬದಿಗಿಟ್ಟು, ಮೇಲಿನ ಭಾಗವನ್ನು ಲೋಟದ ಬಾಯಿಗೆ ಕೂರಿಸಿದ್ದಳು. ಟಪ್, ಟಪ್, ಟಪ್ ಎಂದು ತೊಟ್ಟು ಬೀಳುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಲೋಟ ಕಾಲು ಭಾಗ ತುಂಬಿರಬೇಕು, ಗಾಳಿ ಸ್ವಲ್ಪ ಬೀಸಿತು, ಮಂಜು ತೆಳುವಾಯಿತು. ಟಪ್. ಆಮೇಲೆ ಇಲ್ಲ. ಒಂದು ತೊಟ್ಟು ತೂತಿನ ಬಾಯಿಗೆ ಬಂದು ಅಲ್ಲೇ ನಿಂತಿತು. ನಾನು ಮೇಲಿನ ಮುಚ್ಚಳ ತೆಗೆದು ನೋಡಿದೆ, ನೀರು ತುಂಬಿತ್ತು. ಫಿಲ್ಟರಿಗೆ ಎರಡು ಬೆರಳಿನಿಂದ ತಟ್ಟಿದೆ. ತಲೆ ಎತ್ತಿ ಸಂದಿಯಲ್ಲಿ ನೋಡಿದೆ.

ಸಂದಿಯ ತುಂಬಾ ನನ್ನ ಮನೆಯ ಮಹಡಿ. ಒಂದು ಕಿಟಕಿ, ಅದರ ಮೇಲೆ ಕೆಂಪಗೆ, ಹೊಸದಾಗಿ, ಸಾಲಾಗಿ ಹೆಂಚು.

ನನಗೆ ಅಳು ಬರಬೇಕಾದ ಕಡೆಯಲ್ಲೆಲ್ಲ ಮೊದಲು ಸಿಟ್ಟು ಬರುತ್ತದೆ. "ಕೋಲು ಎತ್ತಿದಾಗ ಕಾಣಲ್ಲ ಅಂದ್ಯಲ್ಲಕ್ಕ!" ಎಂದೆ.

"ಕಣ್ಣು ಮಂಜು ಕಣೇ. ಕಾಣಲಿಲ್ಲ."

"ಆ ವಾರ ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದು ಯಾರು?"

ನಾನು ತೆಗೆದ ಮುಚ್ಚಳವನ್ನು ಅಕ್ಕ ಮತ್ತೆ ಫಿಲ್ಟರಿಗೆ ಮುಚ್ಚಿದಳು.

"ಆರು ತಿಂಗಳು ದಿನಾ ಚೆನ್ನಾಗಿ ಇಳೀತು, ಚೆನ್ನಾಗಿ ಇಳೀತು ಅಂದ್ಯಲ್ಲ. ಬೆಳಿಗ್ಗೆ ಇಲ್ಲಿ ಬಂದು ಏನು ಮಾಡ್ತಿದ್ದೆ?"

"ಕೂರ್ತಿದ್ದೆ. ಪುಡಿ ಹಾಕಿ ನೀರು ಹೊಯ್ದು ಕೂತ್ಕೊಂಡ್ರೆ ವಾಸನೆ ಬರುತ್ತಲ್ಲೇ, ಇಳೀದಿದ್ರೂ. ಅದೇ ಪುಡೀನ ಒಣಗಿಸಿ ನಾಲ್ಕು ದಿನ ಹಾಕ್ಬೋದು" ಎಂದಳು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು. "ನಿನ್ನ ಮಗಳು ಹುಟ್ಟಿದಾಗ ಅಳಲಿಲ್ಲ ನೋಡು, ನೆನಪಿದೆಯಾ? ನೀಲಿಗಟ್ಟಿದ್ಲು. ತಲೆಕೆಳಗೆ ಹಿಡ್ದು ಬೆನ್ನಿಗೆ ತಟ್ಟಿ ತಟ್ಟಿ ಅಳಿಸಿದೆ. ಈ ಸಲಾನೂ ಅವಳು ಅಳ್ತಿರಲಿಲ್ಲ. ಬೆನ್ನಿಗೆ ತಟ್ಟೋ ವಯಸ್ಸಲ್ಲ. ಒಂದು ಬಾಗಿಲಿದ್ರೆ ಅಳ್ತಾಳೆ ಅಂತ ಕಾಣಲ್ಲ ಅಂದೆ. ಅತ್ಲು ತಾನೇ?"

"ಅತ್ಲು" ಎಂದೆ.

"ಮತ್ತೆ? ಕೋಣೆಗೆ ಏನೂ ಮಾಡ್ಬೇಡ. ಅವಳಿಗೂ ಹೇಳ್ಬೇಡ."

ಕಾಲು ಲೋಟ ಡಿಕಾಕ್ಷನ್ ನಮ್ಮಿಬ್ಬರ ನಡುವೆ ತೊಳೆದ ನೀರಾಗಿ ಕೂತಿತ್ತು. ಅದನ್ನು ನಾನೇ ಚೆಲ್ಲಿ ಬಂದೆ.

ಮರುದಿನ ಕೋಣನಬೆನ್ನಿನ ಆಚೆ ಕೂತಾಗ ನಾನು ಲೋಟ ಕೆಳಗಿಟ್ಟೆ. ಹೊನ್ನಪ್ಪನನ್ನು ಹಿಡಿದುಕೊಂಡೆ. "ನಿನಗೆ ಗೊತ್ತಿತ್ತಾ?"

"ಮನೆ ಮೇಲೆ ನಿಂತವನಿಗೆ ಗೊತ್ತಾಗದೆ ಇರುತ್ತಾ ಲೋಲಾಕ್ಷಮ್ಮ? ಬಿದಿರಿನ ಪಕ್ಕದಿಂದ ಅಕ್ಕನ ನೆತ್ತಿ ನೆಟ್ಟಗೆ ಕಾಣ್ತಿತ್ತು. ಆದರೆ ಅವರು ಮೂರು ಸಲ ಕಾಣಲ್ಲ ಅಂದ್ರು. ಶಾಸ್ತ್ರ ಶಾಸ್ತ್ರವೇ" ಎಂದು ಹೊನ್ನಪ್ಪ ಲೋಟ ತಿರುಗಿಸಿದ.

"ಈಗ ತಗ್ಗಿಸೋಕಾಗಲ್ವಾ?"

"ತಗ್ಗಿಸಿದ್ರೆ ನಳಿನಮ್ಮ ಒಳಗೆ ತೆವಳಿಕೊಂಡು ಓಡಾಡ್ಬೇಕು."

"ನಡುವೆ ಒಂದು ಮರ ಹಾಕಿದರೆ?" ಎಂದರು ಸಾಹೇಬರು. ಬೇಕೆಂದೇ ನೆಟ್ಟ ಮರವೂ ಮರೆಯೇ ಎಂದು ಆಮೇಲೆ ಅವರಿಗೇ ನೆನಪಾಗಿ, ಸೀಟಿಯನ್ನು ಅಂಗಿಗೆ ಒರೆಸಿಕೊಂಡರು.

ಎತ್ತ ನೋಡಿದರೂ ಎರಡೇ ದಾರಿ: ಕೋಣೆ ಕೆಡವಬೇಕು, ಇಲ್ಲವೇ ಅಕ್ಕ ಸಾಯುವವರೆಗೂ ಬರೀ ವಾಸನೆ ಕುಡಿಯಬೇಕು. ಒಂದು ಕಡೆ ಹೆತ್ತವಳ ಕರುಳು, ಇನ್ನೊಂದು ಕಡೆ ಹೆರಿಸಿದವಳ ನಾಲಿಗೆ. ಮೂರು ದಿನ ನಾನು ಹೊಲಿದ ರವಿಕೆಗಳ ತೋಳು ಎಡ ಬಲ ಅದಲುಬದಲಾದವು. ನಾಲ್ಕನೆಯ ದಿನ ನಳಿನಿ ಊಟಕ್ಕೆ ಇಳಿದು ಬಂದವಳು, ಅಂಥ ಒಂದು ರವಿಕೆ ಎತ್ತಿ ನೋಡಿ ಕೇಳಿದಳು.

"ಏನಾಗಿದೆಯಮ್ಮ ನಿನಗೆ?"

ಹೇಳಬಾರದು ಎಂದು ಮಾತು ಕೊಟ್ಟಿರಲಿಲ್ಲ; ಅಕ್ಕ ಹೇಳಿದ್ದಳು, ನಾನು ಹೂಂ ಎಂದಿರಲಿಲ್ಲ. ಹೇಳಿಬಿಟ್ಟೆ. ಸಂದಿ, ಕೋಲು, ಮೂರು ಸಲ ಕಾಣಲ್ಲ, ಆರು ತಿಂಗಳು, ಎಲ್ಲವನ್ನೂ ಅನ್ನದ ತಟ್ಟೆಯ ಮುಂದೆ ಸುರಿದೆ. ನಳಿನಿ ಕೈ ಒಣಗುವವರೆಗೂ ಕೇಳಿಸಿಕೊಂಡಳು.

"ಅಜ್ಜಿ ಕುಡಿಯಲ್ಲ ಅಂತ ನನಗೆ ಗೊತ್ತಿತ್ತು" ಎಂದಳು ಕೊನೆಗೆ. "ನನ್ನ ಕಿಟಕಿಯಿಂದ ಆ ಸಂದಿ ಕಾಣುತ್ತಲ್ಲ. ದಿನಾ ಆರು ಗಂಟೆಗೆ ಬಂದು ಕೂರ್ತಾರೆ. ಫಿಲ್ಟರ್ ಇಡ್ತಾರೆ. ಲೋಟ ಎತ್ತಲ್ಲ. ನನ್ನ ಕಿಟಕಿ ನೋಡಿ ಕೈ ಎತ್ತುತಾರೆ. ನಾನೂ ಎತ್ತುತೀನಿ. ಅವರು ಅದಕ್ಕೇ ಬರ್ತಾರೆ ಅಂದ್ಕೊಂಡಿದ್ದೆ."

"ದಿನಾನಾ?"

"ದಿನಾ. ಕೈ ಎತ್ತದಿದ್ರೆ ಹೆದರ್ಕೊತಾರೆ ಅಂತ ಎದ್ದು ಕಿಟಕಿಗೆ ಬರ್ತಿದ್ದೆ. ಇಲ್ದಿದ್ರೆ ಏಳ್ತಿರಲಿಲ್ಲಮ್ಮ. ಎಷ್ಟೋ ದಿನ ಏಳೋದೇ ಬೇಡ ಅನ್ನಿಸ್ತಿತ್ತು."

ನಾನು ಅವಳ ತಟ್ಟೆಗೆ ಇನ್ನಷ್ಟು ಸಾರು ಹಾಕಿದೆ. ಆರು ತಿಂಗಳು ನನ್ನ ತಲೆಯ ಮೇಲೆ ಇಂಥದ್ದೊಂದು ನಡೆಯುತ್ತಿತ್ತು, ನಾನು ಕೆಳಗೆ ಕೂತು ಗುಂಡಿಯ ಮನೆ ಕತ್ತರಿಸುತ್ತಿದ್ದೆ.

ನಳಿನಿ ಕೈ ತೊಳೆದು ಬಂದು, "ಸಂದಿಯಿಂದ ಎಷ್ಟು ಹೆಂಚು ಕಾಣುತ್ತೆ?" ಎಂದು ಕೇಳಿದಳು.

ಅದನ್ನು ನೋಡಲು ಹೊನ್ನಪ್ಪನೇ ಹೋಗಿ ಕೂತು ಬಂದ. ನಲವತ್ತು ಎಂದ. ಕಿಟಕಿಯ ನೇರಕ್ಕೆ ಅಡ್ಡ ಐದು, ಮೇಲಕ್ಕೆ ಎಂಟು ಸಾಲು. ಉಳಿದದ್ದೆಲ್ಲ ಬಂಡೆಗೆ ಮರೆ.

"ಅಷ್ಟನ್ನ ಬೆಳಿಗ್ಗೆ ತೆಗೆದು, ಆಮೇಲೆ ಹಾಕಿದ್ರೆ?" ಎಂದಳು ನಳಿನಿ.

ಇದನ್ನು ಊರಿನಲ್ಲಿ ಯಾರೂ ಮಾಡಿ ನೋಡಿರಲಿಲ್ಲ. ಮರೆ ಕಟ್ಟುವುದು ಎಲ್ಲರಿಗೂ ಹೊಳೆದಿತ್ತು. ಸೂರನ್ನೇ ಬಿಚ್ಚುವುದು ಯಾರಿಗೂ ಹೊಳೆದಿರಲಿಲ್ಲ. ಹೆಂಚು ತೆಗೆದರೂ ಕೆಳಗೆ ಹೆಂಚು ಹೊರುವ ಮರದ ಪಟ್ಟಿಗಳು, ಆ ರೀಪುಗಳು ಉಳಿಯುತ್ತವಲ್ಲ, ಅದು ಸೂರಲ್ಲವೇ ಎಂದು ಸಾಹೇಬರು ಎತ್ತಿದರು. ಹೊನ್ನಪ್ಪ ತುಂಬಾ ಹೊತ್ತು ಯೋಚಿಸಿ, "ಹೆಂಚಿಲ್ಲದ ಮೇಲೆ ಅದು ಸೂರಲ್ಲ ಸಾಹೇಬ್ರೇ, ಏಣಿ" ಎಂದ. ಫಿಲ್ಟರಿನ ಅಭಿಪ್ರಾಯ ಏನಿದೆಯೋ ನೋಡೋಣ ಎಂದಾಯಿತು. ಆಮೇಲೆ ಅವನು ನಳಿನಿಯನ್ನು ಮೇಜಿನ ಮೇಲೆ ನಿಲ್ಲಿಸಿ ಒಳಗಿನಿಂದಲೇ ಹೆಂಚು ಕಳಚುವುದನ್ನು ಕಲಿಸಿದ. ಮೇಲಿನ ಸಾಲಿನಿಂದ ಬಿಚ್ಚಬೇಕು, ಕೆಳಗಿನ ಸಾಲಿನಿಂದ ಮುಚ್ಚಬೇಕು. ತಿರುಗಾಮುರುಗಾ ಮಾಡಿದರೆ ತಲೆಯ ಮೇಲೆ ಬೀಳುತ್ತದೆ. ಮೊದಲ ದಿನ ಅವಳು ಎರಡು ಒಡೆದಳು.

ಅಕ್ಕನಿಗೆ ನಾವು ಏನೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ಅವಳು ಎಂದಿನಂತೆ ಕೋಲೂರಿಕೊಂಡು ಬಂದಾಗ ನಾನು ತೊಟ್ಟಿಲುಬಂಡೆಯ ಬದಿಗೆ ನಿಂತಿದ್ದೆ. ಆಕಾಶ ತೊಳೆದಿಟ್ಟ ಹಾಗಿತ್ತು, ಹುಡುಕಿದರೂ ಮಂಜಿರಲಿಲ್ಲ.

"ಬೆಟ್ಟಕ್ಕೆ ಹೋಗ್ಲಿಲ್ವಾ?" ಎಂದಳು.

"ಮಂಡಿ ನೋವು" ಎಂದೆ.

ಅಕ್ಕ ನನ್ನ ಮಂಡಿಯನ್ನು ಸಂಶಯದಿಂದ ನೋಡಿ, ಕೂತಳು. ಸ್ಟೌ ಹಚ್ಚಿದಳು. ನಾನು ತಂದಿದ್ದ ಹೊಸ ಪುಡಿಯನ್ನು ಅವಳ ಕೈಗಿಟ್ಟೆ. "ಯಾಕೆ ದಂಡ ಮಾಡ್ತೀಯ?" ಎಂದು ಗೊಣಗುತ್ತಾ ಹಾಕಿ, ಒತ್ತಿ, ನೀರು ಹೊಯ್ದು, ಫಿಲ್ಟರನ್ನು ಸಂದಿಗೆ ಎದುರಾಗಿ ಇಟ್ಟಳು. ಕೈ ಎತ್ತಲು ತಲೆ ಎತ್ತಿದಳು.

ಕಿಟಕಿಯಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಮೇಲೆ, ಸೂರಿರಬೇಕಾದ ಕಡೆ, ರೀಪುಗಳ ನಡುವಿನಿಂದ ನಳಿನಿ ಸೊಂಟದವರೆಗೆ ಎದ್ದು ನಿಂತಿದ್ದಳು. ಕೈಯಲ್ಲಿ ಕೊನೆಯ ಹೆಂಚು. ಕೂದಲಿನ ತುಂಬಾ ಧೂಳು. ಬೀದಿಯಲ್ಲಿ ಹೊನ್ನಪ್ಪ, ಸಾಹೇಬರು, ಇನ್ನೂ ಹತ್ತಾರು ಜನ ಬೆಟ್ಟಕ್ಕೆ ಹೋಗದೆ, ಚೀಲ ಇಳಿಸದೆ ತಲೆ ಮೇಲೆತ್ತಿ ನಿಂತಿದ್ದರು. ಗಂಡನ ಮನೆ ಬಿಟ್ಟು ಬಂದವಳನ್ನು ಆರು ತಿಂಗಳಿನಿಂದ ನೋಡಬೇಕೆಂದಿದ್ದವರಿಗೆಲ್ಲ ಆ ದಿನ ಅವಳು ಪೂರ್ತಿ ಕಂಡಳು. ಅವಳಿಗೆ ಅವರ ಕಡೆ ನೋಡುವ ಪುರುಸೊತ್ತಿರಲಿಲ್ಲ. ಅವಳು ಹೆಂಚನ್ನು ಒಳಗಿಟ್ಟು, ಎರಡೂ ಕೈ ಎತ್ತಿದಳು.

ಅಕ್ಕ ಕೈ ಎತ್ತಲಿಲ್ಲ. ಬಾಯಿ ತೆರೆದು ನೋಡುತ್ತಿದ್ದಳು. ನಾನು ಫಿಲ್ಟರ್ ನೋಡುತ್ತಿದ್ದೆ. ಉಸಿರು ಬಿಗಿಹಿಡಿದು ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಅದು ಏಣಿಯೋ ಸೂರೋ ಎಂದು ಫಿಲ್ಟರ್ ಕೂಡ ಯೋಚಿಸುತ್ತಿರಬೇಕು.

ಟಪ್.

ಅಕ್ಕ ಫಿಲ್ಟರಿನ ಕಡೆ ತಿರುಗಿದಳು. ಟಪ್, ಟಪ್. ಆಮೇಲೆ ಸಣ್ಣ ಮಳೆಯ ಹಾಗೆ ಬಿಡುವಿಲ್ಲದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಹಾಲು ಬಿಸಿಗಿಟ್ಟಳು. ಇಳಿದು ಮುಗಿದ ಮೇಲೆ ಹಾಲು ಹೊಯ್ದು, ಸಕ್ಕರೆ ಹಾಕಿ, ಎತ್ತಿ ಎತ್ತಿ ಬೆರೆಸಿ ಎರಡು ಲೋಟಕ್ಕೆ ಬಗ್ಗಿಸಿದಳು. ನೊರೆ ನಿಂತಿತು. ಆರು ತಿಂಗಳು ಕಾದವಳು ಈಗಲಾದರೂ ಕುಡಿಯುತ್ತಾಳೆ ಎಂದು ನಾನು ನೋಡಿದೆ. ಅವಳು ಒಂದು ಲೋಟ ಎತ್ತಿ ಸಂದಿಯ ಕಡೆ ಹಿಡಿದು, ಹೆರಿಗೆ ಮನೆಯಲ್ಲಿ ಕೂಗುತ್ತಿದ್ದ ದನಿಯಲ್ಲಿ ಕೂಗಿದಳು.

"ಬಾರೇ ಇಲ್ಲಿ! ಆರೋಗುತ್ತೆ!"

ಮೇಲೆ ನಳಿನಿ ಅಲ್ಲಾಡಲಿಲ್ಲ. ಕೆಳಗೆ ಬೀದಿ ನೋಡಿದಳು, ಜನ ನೋಡಿದಳು. ಅಕ್ಕ ಲೋಟ ಇಳಿಸಲಿಲ್ಲ. ಆಮೇಲೆ ರೀಪುಗಳ ನಡುವೆ ನಳಿನಿಯ ತಲೆ ಮರೆಯಾಯಿತು. ನಮ್ಮ ಬೀದಿಬಾಗಿಲು ತೆಗೆದ ಸದ್ದು ಕೇಳಿಸಿತು. ಬೀದಿಯಲ್ಲಿ ಯಾರೋ "ಯಾವಾಗ ಬಂದೆಯಮ್ಮ?" ಎಂದು ಶುರುಮಾಡಿದರು, ಸಾಹೇಬರು ಜೋರಾಗಿ ಸೀಟಿ ಊದಿದರು. ಅವಳು ಬರಿಗಾಲಿನಲ್ಲಿ ಹಿತ್ತಿಲು ದಾಟಿ, ಬಂಡೆ ಸುತ್ತಿ ಬಂದು, ಆ ತಗ್ಗಿನಲ್ಲಿ ಅಕ್ಕನ ಪಕ್ಕ ಕೂತಳು. ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು.

"ಸಕ್ಕರೆ ಕಮ್ಮಿ" ಎಂದಳು.

"ನಾಳೆ ನೀನೇ ಹಾಕ್ಕೊ" ಎಂದು ಅಕ್ಕ ತನ್ನ ಲೋಟ ಎತ್ತಿದಳು.

ಇಬ್ಬರ ಫಿಲ್ಟರ್ ಅದು, ಇಬ್ಬರ ಜಾಗ. ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ನನ್ನ ಕಡೆ ಯಾರೂ ತಿರುಗಲಿಲ್ಲ. ಮನೆಗೆ ಬಂದು ಚಹಾ ಮಾಡಿಕೊಂಡೆ. ಚೆನ್ನಾಗಿರಲಿಲ್ಲ. ಪೂರ್ತಿ ಕುಡಿದೆ.